ಹಾಡಿನೊಳಗಿನ ಸೊನ್ನಲಗಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ವಿಶ್ವವಿದ್ಯಾಲಯ ನನ್ನನ್ನು ಸೋಲಾಪುರ, ಅಕ್ಕಲಕೋಟ ಭಾಗದ ಸ್ಥಳನಾಮ ಸಮೀಕ್ಷೆಗೆ ಹಾಕಿತು. ಪುರಾವೆ ಇಲ್ಲದೆ ಏನನ್ನೂ ನಂಬದ ಜಾಯಮಾನ ನನ್ನದು. ಮರಾಠಿಯಲ್ಲಿ 'ಸೋಳಾ' ಎಂದರೆ ಹದಿನಾರು. ಹದಿನಾರು ಹಳ್ಳಿ ಕೂಡಿ ಸೋಲಾಪುರವಾಯಿತು ಎನ್ನುತ್ತಾರೆ. ಇಂಗ್ಲಿಷರು ಶೋಲಾಪುರ ಎಂದು ಬರೆದರು. ಹಳೆಯ ಕನ್ನಡದಲ್ಲಿ ಅದು ಸೊನ್ನಲಿಗೆ. ಈ ಹೆಸರು ಯಾರ ಬಾಯಲ್ಲಾದರೂ, ಸೊನ್ನಲಗಿ ಎಂದಾದರೂ, ಉಳಿದಿದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಬೋರಾಮಣಿ ಹತ್ತಿರದ ಒಂದು ವಸ್ತಿಗೆ, ಹೊಲಗಳ ನಡುವಿನ ನಾಲ್ಕಾರು ಮನೆಗಳ ಗುಂಪಿಗೆ, ಹೋದ ದಿನವೇ ಅಲ್ಲಿ ಸಾವಾಗಿತ್ತು. ಕುರಿ ಸಾಕುವ ಮಾಳವ್ವನ ಹಿರಿಮಗ, ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪವರ್‌ಲೂಮಿನಲ್ಲಿ ದುಡಿಯುತ್ತಿದ್ದವನು. ಮಾಳವ್ವ ಹೆಣದ ತಲೆಯ ಬಳಿ ಕೂತು ಹಾಡಿ ಅಳುತ್ತಿದ್ದಳು: ಸೊನ್ನಲಗಿಗೆ ನಡೆದು ಹೋದ ಮಗ ಮಲಗಿಕೊಂಡು ಬಂದ ಎಂದು. ರೆಕಾರ್ಡರ್ ಜೀಪಿನಲ್ಲಿತ್ತು. ತರಲು ಮನಸ್ಸಾಗಲಿಲ್ಲ.

ವಾರದೊಳಗೆ ಅನುಮಾನ ಹುಟ್ಟಿತು. ಆ ಹೆಸರನ್ನು ಅವಳೇ ಹಾಡಿದಳೇ, ಪುಸ್ತಕದಲ್ಲಿ ಓದಿದ್ದನ್ನು ನಾನೇ ಅವಳ ಹಾಡಿಗೆ ಸೇರಿಸಿಕೊಂಡೆನೇ?

ಕೆಲವು ತಿಂಗಳ ಬಳಿಕ ಮತ್ತೆ ಹೋದೆ. ಉತ್ತರವನ್ನು ನಾವೇ ಮಾಹಿತಿದಾರರ ಬಾಯಿಗೆ ಇಡಬಾರದು ಎಂಬುದು ಕ್ಷೇತ್ರಕಾರ್ಯದ ನಿಯಮ. ಹಾಗಾಗಿ ಮಗ ದುಡಿಯುತ್ತಿದ್ದ ಊರಿಗೆ ಏನನ್ನುತ್ತೀರಿ ಎಂದಷ್ಟೇ ಕೇಳಿದೆ.

"ಸೋಲಾಪುರ. ಬಸ್ಸಿನ ಬೋರ್ಡ್ ಓದಾಕ ಬರೂದಿಲ್ಲೇನ್ರಿ ಸರ ನಿಮಗ?" ಎಂದು ನಕ್ಕಳು.

ಅಂದಿನ ಹಾಡಿನ ಎರಡು ಸಾಲು ಹೇಳಿ ಎಂದೆ. ಅವಳ ನಗು ನಿಂತಿತು. ಹೊರಗೆ ಕಿರಿಮಗ ಮಾಳಿಂಗ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಅವನನ್ನೇ ನೋಡುತ್ತಾ ದನಿ ತಗ್ಗಿಸಿದಳು.

"ಅದು ಹೆಣದ ಮುಂದಿನ ಹಾಡ್ರಿ. ಸುಮ್ನ ಹಾಡಿದ್ರ ಮನ್ಯಾಗ ಇನ್ನೊಂದ ಹೆಣ ಬೇಡ್ತದ. ನನಗ ಇವನೊಬ್ಬನ ಉಳಿದಾನ."

ಮೂಢನಂಬಿಕೆ ಅನಿಸಿತು. ಆದರೂ ರೆಕಾರ್ಡರ್ ಆರಿಸಿದೆ.

ಕಳೆದ ವರ್ಷ ಮಾಳವ್ವ ತೀರಿಕೊಂಡಳು. ಸುದ್ದಿ ತಿಳಿದು ಹೋದೆ. ಸೊಸೆ, ಮೊಮ್ಮಕ್ಕಳು ಬಿಕ್ಕುತ್ತಿದ್ದರು. ನಡುವೆ ಒಂದೆರಡು ಮರಾಠಿ ಮಾತು. ಹಾಡು ಯಾರಿಗೂ ಬರುತ್ತಿರಲಿಲ್ಲ. ಮಾಳಿಂಗ ನನ್ನನ್ನು ಪಕ್ಕಕ್ಕೆ ಕರೆದ.

"ಅವ್ವನ ಹಾಡ ನಿಮ್ಮ ಮಶೀನದಾಗ ಐತೇನ್ರಿ ಸರ? ಊರ ಮಂದಿಗೆಲ್ಲ ಹಾಡಿ ಅತ್ತಾಕಿ. ಅಕಿಗಿ ಹಾಡವ್ರ ಯಾರೂ ಇಲ್ಲ."

ಇಲ್ಲ ಎಂದೆ. ತಲೆಯಾಡಿಸಿ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ.

ಸಮೀಕ್ಷೆಯ ವರದಿಯಲ್ಲಿ ಸೊನ್ನಲಿಗೆಯ ಮುಂದೆ 'ಆಡುಮಾತಿನಲ್ಲಿ ದೊರೆತಿಲ್ಲ' ಎಂದೇ ಇದೆ. ಒಬ್ಬನ ನೆನಪು ಪುರಾವೆಯಲ್ಲ. ಆ ನಮೂದನ್ನು ಈಗಲೂ ತಿದ್ದಲಾರೆ. ಆದರೆ ಒಂದು ಭಾಷೆ ಸಂತೆ, ಶಾಲೆ, ಕೆಲಸದ ಜಾಗ ಎಲ್ಲವನ್ನೂ ಬಿಟ್ಟುಕೊಟ್ಟ ಮೇಲೂ ಅಳುವಿನಲ್ಲಿ ಕೊಂಚ ಕಾಲ ಇರುತ್ತದೆ ಎಂಬುದನ್ನು ಈ ಕೆಲಸ ಕಲಿಸಿತು. ಅಲ್ಲಿಂದಲೂ ಅದು ಎದ್ದು ಹೋದದ್ದು ಮನೆಯವರಿಗೆ ಗೊತ್ತಾಗುವುದು ಹೆಣ ಎತ್ತುವ ಹೊತ್ತಿಗೆ.