ಮುನಿಶಾಮಪ್ಪನವರಿಗೆ ವಯಸ್ಸು ಹಾಕಿದ್ದು

ತನುಜ ಮನುಷ್ಯರ ಮುಖ ಬರೆಯುವುದನ್ನು ಬಿಟ್ಟದ್ದು ಅತ್ತೆಯ ಚಿತ್ರ ಬರೆದ ವಾರ. ಅತ್ತೆಯ ಗಲ್ಲದ ಮೇಲೆ ಮೆಣಸಿನಕಾಳಿನಷ್ಟು ದಪ್ಪದ ಮಚ್ಚೆಯಿತ್ತು. ತನುಜ ಅದನ್ನು ಮೆಣಸಿನಕಾಳಿನಷ್ಟೇ ಬರೆದಳು. ಅತ್ತೆ ಚಿತ್ರದ ಮುಂದೆ ನಿಂತು, “ಮೊದ್ಲು ಆ ನೊಣ ಓಡ್ಸಮ್ಮ, ಆಮೇಲೆ ನೋಡ್ತೀನಿ” ಅಂದವರು ಎಂಟು ದಿನ ಸೊಸೆಯ ಹತ್ತಿರ ಮಾತಾಡಲಿಲ್ಲ. ಸಾರಿಗೆ ಉಪ್ಪು ಸಾಲದು ಎಂಬುದನ್ನೂ ಮೂರು ವರ್ಷದ ಮೊಮ್ಮಗಳು ಹರಿಣಿಯ ಬಾಯಲ್ಲೇ ಹೇಳಿ ಕಳಿಸಿದರು.

ಅಲ್ಲಿಂದ ಮುಂದೆ ತನುಜ ಪ್ರಾಣಿಗಳಿಗೆ ಇಳಿದಳು. ಪ್ರಾಣಿಗಳು ಕನ್ನಡಿ ತಂದು ಹೋಲಿಸಿ ನೋಡುವುದಿಲ್ಲ. ಗೌರಿಬಿದನೂರಿನ ವಕೀಲರೊಬ್ಬರ ಪಗ್ ನಾಯಿ, ಚಿಕ್ಕಬಳ್ಳಾಪುರದ ಲೆಕ್ಚರರೊಬ್ಬರ ಮೂರು ಬೆಕ್ಕು, ಮುದ್ದೇನಹಳ್ಳಿಯ ಒಂದು ಜರ್ಸಿ ಹಸು, ಎಲ್ಲವೂ ಒಂದೊಂದಾಗಿ ಗೋಡೆ ಹತ್ತಿದವು. ಕೆಲಸವೆಲ್ಲ ಚಿಂತಾಮಣಿಯ ಮನೆಯ ಹಿತ್ತಲ ವರಾಂಡದಲ್ಲಿ, ಹರಿಣಿ ಮಧ್ಯಾಹ್ನ ಮಲಗುವ ಎರಡು ಗಂಟೆಯಲ್ಲಿ. ಮಗುವಿಗೆ ನೆಗಡಿಯಾದ ವಾರ ನಾಲ್ಕು ಊರಿನ ನಾಯಿಗಳು ಕಿವಿಯಿಲ್ಲದೆ ಗೋಡೆಗೊರಗಿ ಕಾಯುತ್ತಿದ್ದವು. ಬೀದಿಯಲ್ಲಿ ಜನ ಅವಳನ್ನು ‘ನಾಯಿ ಮೇಡಂ’ ಅನ್ನುವಷ್ಟು ಹೆಸರಾಯಿತು. ಆ ಹೆಸರು ಅವಳಿಗೆ ಚುಚ್ಚುತ್ತಿತ್ತು. ಒಂದೇ ಒಂದು ಮನೆಯ ಹಾಲಿನ ಗೋಡೆಯಲ್ಲಿ ತಾನು ಬರೆದ ಮನುಷ್ಯರು ಕೂತಿರಬೇಕು ಎಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ದಿಬ್ಬೂರಹಳ್ಳಿಯ ಮೋಹನ್‌ಬಾಬು ಫೋನು ಮಾಡಿ, “ನಾಯಿ ಜೊತೆಗೆ ನಾವೂ ಇರ್ತೀವಿ ಮೇಡಂ” ಎಂದಾಗ ಮಚ್ಚೆ ನೆನಪಾದರೂ ಒಪ್ಪಿಕೊಂಡುಬಿಟ್ಟಳು.

ಮೋಹನ್‌ಬಾಬು ಮೇಷ್ಟ್ರು, ರೇಷ್ಮೆ ಹುಳುವನ್ನೂ ಸಾಕುತ್ತಿದ್ದರು. ಹೊಸ ಮನೆ ಕಟ್ಟಿದ್ದರು, ಗೃಹಪ್ರವೇಶಕ್ಕೆ ಎರಡು ತಿಂಗಳಿತ್ತು. ಹಾಲಿನ ದೊಡ್ಡ ಗೋಡೆಗೆ ಇಡೀ ಸಂಸಾರದ ಚಿತ್ರ ಬೇಕು: ತಾಯಿ ಶ್ಯಾಮಲಮ್ಮ, ತಾನು, ಹೆಂಡತಿ ಸೌಜನ್ಯ, ನಾಯಿ ಸುಬ್ಬಿ, ಮತ್ತು ಮೂವತ್ತೈದು ವರ್ಷದ ಹಿಂದೆ ಕಾಮಾಲೆಯಲ್ಲಿ ತೀರಿಹೋದ ತಂದೆ ಮುನಿಶಾಮಪ್ಪ. ತಂದೆಯದಿದ್ದದ್ದು ಒಂದೇ ಫೋಟೋ, ಶಿಡ್ಲಘಟ್ಟದ ಸ್ಟುಡಿಯೋದಲ್ಲಿ ತೆಗೆಸಿದ್ದು.

ತನುಜ ಎಲ್ಲರನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು ಹೋದಳು. ಬಣ್ಣ, ಟರ್ಪೆಂಟೈನು ಆ ಅಂಗಳಕ್ಕೆ ಬರುವಂತಿರಲಿಲ್ಲ. ವಾಸನೆ ತಗುಲಿದರೆ ಹುಳು ಸೊಪ್ಪು ಮುಟ್ಟುವುದಿಲ್ಲವಂತೆ. ಎರಡು ವಾರ ಬಿಟ್ಟು, ಅರ್ಧ ಮುಗಿದು ಒಣಗಿದ ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದು ಜಗಲಿಯ ಮೇಲೆ ನಿಲ್ಲಿಸಿದಳು.

ಶ್ಯಾಮಲಮ್ಮ ಕನ್ನಡಕ ಹಾಕಿಕೊಂಡು ನೋಡಿದರು. “ಏಂದಮ್ಮಾ ಇದಿ, ಏನಿದು?” ಎಂದರು.

“ಯಾಕಮ್ಮ, ಹೋಲಲ್ವಾ?”

“ಹೋಲ್ತದೆ, ಚೆನ್ನಾಗೇ ಹೋಲ್ತದೆ. ಅದೇ ಬಂದಿರೋ ಕಷ್ಟ.”

ಆಗ ತನುಜಳಿಗೂ ಕಂಡಿತು. ಕುರ್ಚಿಯಲ್ಲಿ ಅರವತ್ಮೂರರ ಶ್ಯಾಮಲಮ್ಮ. ಪಕ್ಕದ ಕುರ್ಚಿಯಲ್ಲಿ ಕಪ್ಪು ಮೀಸೆಯ, ಮೂವತ್ಮೂರರ ಮುನಿಶಾಮಪ್ಪ. ಹಿಂದೆ ನಲವತ್ತೆರಡರ, ನೆತ್ತಿ ಬೋಳಾದ ಮಗ.

“ಇದ್ರಲ್ಲಿ ನಾನು ಇವರ ತಾಯಿ. ನಮ್ಮ ಮೋಹನ ಇವರಿಗೆ ಚಿಕ್ಕಪ್ಪ,” ಎಂದರು ಶ್ಯಾಮಲಮ್ಮ. “ಈ ಹುಡುಗನ ಪಕ್ಕ ನಾನು ಕೂರಲ್ಲಮ್ಮ. ನೋಡಿದೋರು ಮಗನಿಗೆ ಹೆಣ್ಣು ಹುಡುಕ್ತಾವ್ಳೆ ಅಂದ್ಕೋತಾರೆ. ನನ್ನ ಅಳಿಸ್ಬಿಡು.”

“ಅಮ್ಮ, ನೀನಿಲ್ದೆ ಎಂಥಾ ಚಿತ್ರ?” ಮಗ ಗಾಬರಿಯಾದರು.

ಸೌಜನ್ಯ ಒಂದು ದಾರಿ ಹೇಳಿದಳು. “ಅತ್ತೇನೇ ಚಿಕ್ಕೋರು ಮಾಡ್ಬಿಡಿ ಮೇಡಂ. ಫೋನಲ್ಲಿ ಫಿಲ್ಟರ್ ಹಾಕಲ್ವಾ, ಹಂಗೆ.”

“ನಾನು ಇಪ್ಪತ್ತೆಂಟಕ್ಕೆ ಹೋದ್ರೆ ಇವನು ಏಳು ವರ್ಷದ ಹೈದ. ನೀನು ಹುಟ್ಟೇ ಇಲ್ಲ. ಎಲ್ಲಿ ನಿಂತ್ಕೋತೀಯೇ ತಾಯಿ?”

ಸೌಜನ್ಯ ಸೊಪ್ಪು ಹಾಕಲು ಹುಳುಮನೆ ಕಡೆ ಹೋದಳು. ತನುಜ ಬೆಡ್‌ಶೀಟು ಎತ್ತಿಕೊಂಡಳು. ಹಾಲಿನ ಗೋಡೆ ಕೈತಪ್ಪಿತು, ಇನ್ನು ನಾಯಿಗಳೇ ಗತಿ ಅಂದುಕೊಳ್ಳುತ್ತಿರುವಾಗ ಶ್ಯಾಮಲಮ್ಮ ನಿಧಾನವಾಗಿ ಕೇಳಿದರು: “ಇವರಿಗೇ ವಯಸ್ಸು ಹಾಕೋಕಾಗಲ್ವಾ?”

ಇಲ್ಲದವರಿಗೆ ವಯಸ್ಸು ಹಾಕುವುದು ಹೇಗೆ? ತನುಜ ಹಾಳೆ, ಪೆನ್ಸಿಲು ಹಿಡಿದು ಮೂರು ಶನಿವಾರ ಜಗಲಿಯಲ್ಲಿ ಕೂತಳು. ಹರಿಣಿ ಸುಬ್ಬಿಯ ಬಾಲ ಹಿಡಿದುಕೊಂಡು ಅಂಗಳ ಸುತ್ತುತ್ತಿತ್ತು. ಶ್ಯಾಮಲಮ್ಮ ಹೇಳುತ್ತ ಹೋದರು, ತನುಜ ಅಳಿಸಿ ಅಳಿಸಿ ಬರೆದಳು.

“ಕೂದಲು?”

“ಬೆಳ್ಳಗಾಗಿರೋದು. ಆದ್ರೆ ಬಿಡ್ತಿರ್ಲಿಲ್ಲ, ಬಣ್ಣ ಹಚ್ಕೊಳ್ಳೋರು. ಭಾರಿ ಶೋಕಿ. ಕಿವಿ ಹತ್ರ ಒಂಚೂರು ಬಿಟ್ಟೋಗಿರೋದು ನೋಡು, ಅಲ್ಲಿ ಬೆಳ್ಳಗೆ ಹಾಕು.”

“ಹೊಟ್ಟೆ?”

“ಬೇಡ. ಮಿತವಾಗಿ ಉಣ್ಣೋರು.” ಆಮೇಲೆ ತಿದ್ದಿಕೊಂಡರು. “ಹಾಕು, ಹಾಕು. ಮೂವತ್ತೈದು ವರ್ಷ ನನ್ನ ಕೈ ಮುದ್ದೆ ತಿಂದು ಹೊಟ್ಟೆ ಬಂದಿಲ್ಲ ಅಂದ್ರೆ ನನಗೇ ಅವಮಾನ.”

ಎರಡನೆಯ ಶನಿವಾರ ಮೀಸೆ ಹೋಯಿತು, ಮೂರನೆಯ ಶನಿವಾರ ಮರಳಿ ಬಂತು. ಚಿತ್ರದ ಮುಖಕ್ಕೆ ಕನ್ನಡಕ ಬರೆದ ದಿನ ಶ್ಯಾಮಲಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡು ಜಗಳಕ್ಕೇ ನಿಂತರು. “ನೋಡು, ನೋಡು, ಹೆಂಗೆ ನೋಡ್ತಾರೆ! ಕಣ್ಣು ಮಂಜಾಗಿದೆ, ತೋರಿಸ್ಕೊಳ್ರೀ ಅಂತ ಎಷ್ಟು ಸಲ ಹೇಳಿದ್ರೂ ಕೇಳಿರಲ್ಲ. ನನಗೊತ್ತು ಇವರ ಬುದ್ಧಿ.” ತನುಜ ಬಗ್ಗಿ ಪೆನ್ಸಿಲು ಚೂಪು ಮಾಡಿದಳು. ಚೂಪಾಗಿದ್ದ ಪೆನ್ಸಿಲೇ ಅದು.

ಸುಬ್ಬಿಯನ್ನು ಮುನಿಶಾಮಪ್ಪನವರ ಕಾಲ ಬಳಿ, ತಲೆ ಮೇಲೆ ಅವರ ಕೈ ಬರುವಂತೆ ಕೂರಿಸೋಣವೇ ಎಂದು ತನುಜ ಕೇಳಿದಳು.

“ಅಯ್ಯೋ ಬೇಡಮ್ಮ. ಇವರು ಹೋದ್ಮೇಲೆ ಬಂದಿದ್ದು ಅದು, ಗುರುತಿಲ್ಲ. ಹೊಸಬರು ಮುಟ್ಟಿದ್ರೆ ಕಚ್ತದೆ. ನನ್ನ ಕಡೆ ಕೂರ್ಸು. ಮೂತಿ ಮಾತ್ರ ಅವರ ಕಡೆ ತಿರುಗ್ಲಿ. ನಿಧಾನವಾಗಿ ಪರಿಚಯ ಆಗ್ಲಿ.”

ಗೃಹಪ್ರವೇಶದ ಬೆಳಿಗ್ಗೆ ಚಿತ್ರ ಗೋಡೆ ಹತ್ತಿತು. ತನುಜ ಹರಿಣಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲ ಪಕ್ಕ ನಿಂತಿದ್ದಳು. ಬಂದವರು ಚಿತ್ರ ನೋಡುತ್ತಿದ್ದರು, ಸುಬ್ಬಿಯನ್ನು ಹೊಗಳುತ್ತಿದ್ದರು, ಆಮೇಲೆ ದನಿ ತಗ್ಗಿಸಿ ಏನೋ ಮಾತಾಡಿಕೊಂಡು ಊಟದ ಕಡೆ ಸರಿಯುತ್ತಿದ್ದರು. ಏನೆಂದು ಅವಳಿಗೆ ಗೊತ್ತಾದದ್ದು ಮುನಿಶಾಮಪ್ಪನವರ ತಂಗಿ ಅಕ್ಕಯಮ್ಮ ತೊಂಡೇಬಾವಿಯಿಂದ ಬಂದ ಮೇಲೆ. ಅಕ್ಕಯಮ್ಮನಿಗೆ ದನಿ ತಗ್ಗಿಸುವುದು ಬರುತ್ತಿರಲಿಲ್ಲ.

“ಅತ್ತಿಗೆ, ನಿನ್ನ ಪಕ್ಕ ಕೂತಿರೋ ಮುದುಕ ಯಾರೇ?”

ಎಲ್ಲರ ನೆನಪಿನಲ್ಲೂ ಇದ್ದ ಮುನಿಶಾಮಪ್ಪ ಮೂವತ್ಮೂರರ ಗಂಡಸು. ವಿಧವೆ ಶ್ಯಾಮಲಮ್ಮನ ಪಕ್ಕ, ಹಾಲಿನ ನಟ್ಟನಡುವೆ, ಹೊಟ್ಟೆ ಬಿಟ್ಟುಕೊಂಡು ಕೂತಿದ್ದ ಈ ಕನ್ನಡಕದ ಮನುಷ್ಯನನ್ನು ಒಬ್ಬರೂ ಕಂಡಿರಲಿಲ್ಲ. ಇಷ್ಟು ದಿನ ಕೂತು ತಿದ್ದಿದರೂ, ನೋಡುವವರಿಗೆ ಗುರುತು ಸಿಗುವುದಿಲ್ಲ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಮೋಹನ್‌ಬಾಬು ತನುಜಳ ಹತ್ತಿರ ಓಡಿಬಂದರು. “ಮೇಡಂ, ಸದ್ಯಕ್ಕೆ ಇಳಿಸಿಬಿಡೋಣ. ಆಮೇಲೆ ಅಪ್ಪನ್ನ ಮೊದಲಿನ ಹಂಗೇ ಮಾಡಿ. ಮಾನ ಹೋಗ್ತದೆ.”

ತನುಜ ಮಗುವನ್ನು ಕೆಳಗಿಳಿಸಿದಳು. ಇಳಿಸುವುದಾದರೆ ತಾನೇ ಇಳಿಸುತ್ತೇನೆ, ಬೇರೆಯವರು ಅಂಚು ಮುರಿದಾರು ಎಂದು ಸ್ಟೂಲು ಎಳೆದಳು.

“ಯಾರೂ ಮುಟ್ಬೇಡಿ,” ಎಂದರು ಶ್ಯಾಮಲಮ್ಮ. ಕೈಯಲ್ಲಿದ್ದ ಅಕ್ಷತೆ ತಟ್ಟೆಯನ್ನು ಸೊಸೆಗೆ ಕೊಟ್ಟು ನಾದಿನಿಯ ಎದುರಿಗೆ ಬಂದು ನಿಂತರು. “ನಿಮ್ಮಣ್ಣ ಕಣೇ. ಯಾಕೆ, ನನಗೊಬ್ಬಳಿಗೇ ವಯಸ್ಸಾಗ್ಬೇಕಾ?”

ಅಕ್ಕಯಮ್ಮ ಚಿತ್ರದ ಹತ್ತಿರ ಹೋದಳು. ಹತ್ತಿರದಿಂದ ನೋಡಿದಳು, ಹಿಂದೆ ಬಂದು ನೋಡಿದಳು. ಊಟಕ್ಕೆ ಹೋಗಿದ್ದವರೂ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದರು. ಅತ್ತೆ ನೊಣ ಓಡಿಸು ಎಂದ ದಿನ ನಿಂತಿದ್ದಂತೆಯೇ ತನುಜ ಸ್ಟೂಲು ಹಿಡಿದು ನಿಂತಿದ್ದಳು.

“ತಪ್ಪು ಮಾಡಿದ್ದೀಯಮ್ಮ,” ಎಂದಳು ಅಕ್ಕಯಮ್ಮ ಕೊನೆಗೆ, ತನುಜಳ ಕಡೆ ತಿರುಗಿ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ನಮ್ಮಪ್ಪಂಗೆ ಅರವತ್ತಾಗ್ತಿದ್ದಂಗೇ ಕಿವಿಯಲ್ಲಿ ಪೊದೆ ಪೊದೆ ಕೂದಲು ಬಂದಿತ್ತು. ಅಣ್ಣಂಗೂ ಬರ್ದೇ ಎಲ್ಲಿ ಹೋಗ್ತದೆ? ಅದೇ ಇಲ್ಲ ನೋಡು. ಅದಕ್ಕೇ ನನಗೆ ಗುರುತು ಸಿಗ್ಲಿಲ್ಲ.”

ಸದ್ಯ ಹುಳುಮನೆ ಆ ವಾರ ಖಾಲಿಯಿತ್ತು. ತನುಜ ಹರಿಣಿಯ ಚೀಲದಲ್ಲಿ ಬದಲಿ ಚಡ್ಡಿಗಳ ಕೆಳಗಿಟ್ಟಿದ್ದ ಸಣ್ಣ ಬ್ರಷ್ಷು, ಬೂದು ಬಣ್ಣ ತೆಗೆದು ಸ್ಟೂಲು ಹತ್ತಿದಳು. ಅಕ್ಕಯಮ್ಮ ಕೆಳಗೆ ನಿಂತು, “ಇನ್ನೂ ಹಾಕು, ಇನ್ನೂ ಹಾಕು” ಎನ್ನತೊಡಗಿದಳು.

“ಎರಡೇ ಸಾಕು,” ಎಂದರು ಶ್ಯಾಮಲಮ್ಮ. “ಮಿಕ್ಕಿದ್ದನ್ನ ನಾನು ಭಾನುವಾರ ಭಾನುವಾರ ಕತ್ತರಿಸ್ತಿದ್ದೆ.”