ನೆತ್ತಿಗೆ ಕಿವಿಯಿಲ್ಲ

ಇಲ್ಲಿನ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಗಿರಣಿಯ ಬಾಗಿಲು ಹಸಿರು ಎಂದು ಡೈರಿಯಲ್ಲಿ ಬರೆದಿದ್ದೇನೆ. ನೀಲಿ ಎನ್ನುತ್ತಾಳೆ ಅವ್ವ. ಕಾಕಾ ನನಗೆ ಆಡಿದ ಒಂದು ಮಾತು ಮಾತ್ರ ಹಾಗೇ ನೆನಪಿದೆ.

ಮೂಡಲಗಿಯಲ್ಲಿ ಅಪ್ಪ ಮತ್ತು ಅವರ ತಮ್ಮ, ಅಂದರೆ ನನ್ನ ಕಾಕಾ, ಕೂಡಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನನಗೆ ಆರು ವರ್ಷವಿದ್ದಾಗ ಅಪ್ಪ ಇದ್ದಕ್ಕಿದ್ದಂತೆ ನಮ್ಮನ್ನು ಹುಕ್ಕೇರಿಗೆ ಕರೆದೊಯ್ದರು. ಯಾಕೆಂದು ಹೇಳದೆಯೇ ತೀರಿಕೊಂಡರು. ಅವ್ವನಿಗೂ ಗೊತ್ತಿಲ್ಲ. ಗೊತ್ತಿರುವವರು ಕಾಕಾ ಒಬ್ಬರೇ. ಅವರಿಗೀಗ ಎಂಬತ್ತು ದಾಟಿದೆ.

ಕಳೆದ ವರ್ಷ, ನಾನೀಗ ಇರುವ ಗೋಕಾಕದಿಂದ, ನೋಟ್‌ಬುಕ್ ಹಿಡಿದು ಮೂಡಲಗಿಗೆ ಕಾಕಾರ ಬಳಿ ಹೋಗಿದ್ದೆ. ಅವರು ಆ ದಿನಗಳ ಮಾತು ತೆಗೆದರು. ಒಂದು ಶಬ್ದವೂ ತಪ್ಪಬಾರದೆಂದು ನಾನು ತಲೆ ಬಗ್ಗಿಸಿ ಬರೆಯತೊಡಗಿದೆ. ಕಾಕಾ ಮಾತು ನಿಲ್ಲಿಸಿ ಅಂದರು:

“ಬೈತಲಿ ಚಂದ ತಗದಿ ತಂಗಿ, ಆದ್ರ ಅದಕ್ಕ ಕಿವಿ ಇಲ್ಲಲಾ. ನಿನ್ನ ನೆತ್ತಿ ಕೂಡ ಎಷ್ಟೊತ್ತ ಮಾತಾಡ್ಲಿ?”

ಬಸ್ಸಿನಲ್ಲಿ ವಾಪಸು ಬರುವಾಗ ಅರ್ಥವಾಯಿತು. ಗಿರಣಿಯ ಸದ್ದಿನಲ್ಲಿ ನಲವತ್ತು ವರ್ಷ ಗಿರಾಕಿಗಳ ತುಟಿ ನೋಡಿಯೇ ಜೋಳ ಸಣ್ಣಗೆ ಬೀಸಬೇಕೋ ದಪ್ಪಗೋ ಎಂದು ತಿಳಿದವರು ಅವರು. ಮುಖ ತಿರುಗಿಸಿದವರ ಮಾತು ಮುಗಿಯಿತೆಂದೇ ಅವರ ಲೆಕ್ಕ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಟಿಪ್ಪಣಿ ಮಾಡಿಕೊಳ್ಳುವುದನ್ನು. ಅದನ್ನೇ ಕೇಳಿಸಿಕೊಳ್ಳುವುದು ಎಂದುಕೊಂಡಿದ್ದೆನೆ?

ಈ ಸಲ ತಯಾರಾಗಿ ಹೋದೆ. ಬರೆದಿಟ್ಟ ಪ್ರಶ್ನೆಗಳಲ್ಲಿ ಒಂದನ್ನು ಬಿಟ್ಟು ಬಾಕಿಯೆಲ್ಲ ಹೊಡೆದುಹಾಕಿದೆ. ಕೊನೆಯ ಬಸ್ಸಿನ ಚಿಂತೆ ಬೇಡವೆಂದು ಎರಡು ದಿನ ರಜೆ ಹಾಕಿದೆ. ಒಂದು ವಾರ ಮೊದಲೇ, ಅವ್ವನ ಮಾತನ್ನು ಅರ್ಧಕ್ಕೆ ಕಿತ್ತುಕೊಂಡು ನಾನೇ ಮುಗಿಸುವ ಚಟ ಬಿಡಲು ಶುರುಮಾಡಿದ್ದೆ. ಮೂರನೆಯ ದಿನ ಅವ್ವ, ಮೈಯಾಗ ಆರಾಮ ಇಲ್ಲೇನು ಎಂದು ಹಣೆ ಮುಟ್ಟಿ ನೋಡಿದಳು.

ಕಾಕಾರ ಮನೆಯ ಕಟ್ಟೆಯ ಮೇಲೆ, ಬೆಳಕು ನನ್ನ ಮುಖಕ್ಕೆ ಬೀಳುವಂತೆ ಅವರೆದುರು ಕುಳಿತೆ. ಕೈ ಬಾಯಿಗೆ ಅಡ್ಡ ಬರದಂತೆ ತೊಡೆಯ ಮೇಲಿಟ್ಟೆ. ಗಿರಣಿಯ ಸವೆದ ಕಲ್ಲಿಗೆ ಉಳಿಯಿಂದ ಮತ್ತೆ ಗೀರು ಹಾಕುತ್ತಿದ್ದದ್ದು, ಅಪ್ಪನ ಹುಬ್ಬಿಗೆ ಹಿಟ್ಟು ಮೆತ್ತಿರುತ್ತಿದ್ದದ್ದು ಎಲ್ಲ ಹೇಳಿದರು. ಹಿಂದುಮುಂದಾದದ್ದನ್ನು ನಾನು ತಿದ್ದಲಿಲ್ಲ. ಎಂದೂ ಇಷ್ಟು ಹೇಳಿದವರಲ್ಲ. ಅಪ್ಪ ಹೊರಟ ಬೆಳಿಗ್ಗೆಯವರೆಗೂ ಬಂದು ನಿಂತರು. ಚಹಾ ಆರಿತು.

ಆಗ ತುಟಿ ಕಾಣುವಂತೆ, ಉಳಿಸಿಕೊಂಡಿದ್ದ ಆ ಒಂದು ಪ್ರಶ್ನೆಯನ್ನು ನಿಧಾನವಾಗಿ ಕೇಳಿದೆ. ಅವರಿಗೆ ತಿಳಿಯಿತು, ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ಮುಖದಿಂದ ಕಣ್ಣು ತೆಗೆದು ಅಂಗಳದ ಕಡೆ ನೋಡಿದರು. ಇನ್ನೂ ಹೇಳಿಲ್ಲ. ಅದೇ ಕಟ್ಟೆಯ ಮೇಲೆ ಎಷ್ಟು ರವಿವಾರ ಬೇಕಾದರೂ ನಾನು ಕೂಡಬಲ್ಲೆ. ಕೇಳಿದ್ದು ಇಷ್ಟೇ:

“ಕಾಕಾ, ಅಪ್ಪ ತಾವ ಬಿಟ್ಟ ಹೋದ್ರೋ, ನೀವ ಕಳಸಿದ್ರೋ?”