ನನ್ನ ಹೆಸರಿಗೆ ಬಿದ್ದ ತಪ್ಪುಗಳು

ಐದಕ್ಕೆ ನಲ್ಲಿ ನೀರು ಹಿಡಿದದ್ದು. ಹಾಲು ತಂದದ್ದು. ರಾತ್ರಿಯ ಹುಳಿಗೆ ನುಗ್ಗೇಕಾಯಿ ಹೆಚ್ಚಿಟ್ಟದ್ದು. ಮೂರು ಡಬ್ಬಿ ಕಟ್ಟಿದ್ದು. ಅತ್ತೆಯ ಕಣ್ಣಿಗೆ ಔಷಧಿ ಹಾಕಿದ್ದು. ಮಗಳ ಜಡೆ. ಮಲಾಡಿನಲ್ಲಿ ಏಳರ ಲೋಕಲ್ ರೈಲು ಸಿಕ್ಕಿದ್ದು, ಕೂರಲು ಜಾಗ ಸಿಗದದ್ದು. ಆಫೀಸಿನಲ್ಲಿ ನಾಲ್ಕೂ ಟರ್ಮಿನಲ್ ತೆರೆದದ್ದು. ಮೆಮೊ ತೆಗೆದುಕೊಂಡದ್ದು.

ಆ ಶುಕ್ರವಾರದ ನನ್ನ ಡೈರಿ ಮೆಮೊ ಸಿಗುವವರೆಗೆ ಹೀಗಿದೆ. ಪರ್ಸಿನಲ್ಲಿ ಹಿಡಿಸುವ ಪುಟ್ಟ ಡೈರಿ. ಮೆಮೊದ ಸಾಲಿನಲ್ಲಿ ಪೆನ್ನು ಕಾಗದವನ್ನು ಹರಿದಿದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪರೇಲಿನ ಔಷಧ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಟೈಪಿಸ್ಟಾಗಿದ್ದವಳು, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಆ ತಣ್ಣನೆಯ ಕೋಣೆಗೆ ಬಂದಿದ್ದೆ. ಔಷಧದ ಪೆಟ್ಟಿಗೆಗಳ ಮೇಲಿನ ಬ್ಯಾಚ್ ನಂಬರುಗಳನ್ನು ನಾವು ನಾಲ್ವರು ಹೆಂಗಸರು ಒಬ್ಬೊಬ್ಬರು ಒಂದೊಂದು ಟರ್ಮಿನಲ್ಲಿನ ಮುಂದೆ ಕೂತು ಒತ್ತುತ್ತಿದ್ದೆವು. ಯಂತ್ರಕ್ಕೆ ಒಪ್ಪದ ನಂಬರು ಬಂದರೆ ಕೀಂಯ್ ಎನ್ನುತ್ತಿತ್ತು, ಒಳಗೆ ‘ಲಾಗ್’ ಎಂಬ ಪಟ್ಟಿಗೆ ಒಂದು ಸಾಲು ಸೇರುತ್ತಿತ್ತು: ತಾರೀಖು, ಗಂಟೆ, ಹೆಸರು. ಏನು ತಪ್ಪಾಯಿತೆಂದು ಅದರಲ್ಲಿರಲಿಲ್ಲ. “ಹೆಸರು ಬಂದ್ರ ಸಾಕು, ಉಳಿದದ್ದು ನಾ ನೋಡ್ಕೋತೀನಿ” ಎಂದು ನಮ್ಮ ಸಾಹೇಬರೇ ಪ್ರೋಗ್ರಾಮರಿಗೆ ಹೇಳಿ ಹಾಗೆ ಮಾಡಿಸಿದ್ದರು. ಸಾಹೇಬರು ಧಾರವಾಡದ ಕಡೆಯವರು.

ಆ ಹೆಸರೋ, ಯಾವಾಗಲೂ ನನ್ನದೇ. ಬೆಳಿಗ್ಗೆ ಮೊದಲು ಬರುವವಳು ನಾನು. ಶಟರ್ ಎತ್ತಿದ ಹಾಗೆ ನಾಲ್ಕೂ ಟರ್ಮಿನಲ್‌ಗಳನ್ನು ನನ್ನ ಹೆಸರಿನಿಂದಲೇ ತೆರೆದಿಡಬೇಕೆಂಬುದೂ ಸಾಹೇಬರ ಅಪ್ಪಣೆಯೇ. ನಾನು ಬಾರದ ದಿನಕ್ಕೆಂದು ನನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು.

ಮೆಮೊ ಹೇಳಿದ್ದು ಇಷ್ಟು: ತಿಂಗಳ ತಪ್ಪುಗಳೆಲ್ಲ ನಿಮ್ಮವು, ಸೋಮವಾರದಿಂದ ಮತ್ತೆ ಟೈಪಿಂಗ್‌ಗೆ ಹೋಗಿ.

“ನಾಲ್ಕು ಜನರ ತಪ್ಪು ನನ್ನ ತಲೆಗೆ ಕಟ್ಟಿದ್ದೀರಲ್ಲ ಸಾರ್?”

“ಮಶೀನ್ ಸುಳ್ಳ ಹೇಳ್ತದೇನ್ರೀ ಬಾಯಾರ? ಅದಕ್ಕೇನ್ ನಿಮ್ಮ ಮ್ಯಾಲ ಸಿಟ್ಟೈತೇನು?” ಎಂದು ನಕ್ಕರು.

ಆ ನಗುವಿಗೆ ನನ್ನ ಮೈ ಉರಿಯಿತು. ಲಾಗಿನ ಉದ್ದ ಕಾಗದವನ್ನು ಅವರ ಮೇಜಿನ ಮೇಲೇ ಹರಡಿ, ಡೈರಿ ಪಕ್ಕಕ್ಕಿಟ್ಟುಕೊಂಡು, ಅಕ್ಕಿ ಆರಿಸುವ ಹಾಗೆ ಸಾಲುಸಾಲಾಗಿ ನೋಡಿದೆ. ಹಿಂದಿನ ವಾರದ ಗುರುವಾರ ನನ್ನ ಹೆಸರಿಗೆ ಇಪ್ಪತ್ತಮೂರು ತಪ್ಪು. ಡೈರಿ ಓದಿದೆ: “ಗುರುವಾರ. ರಜೆ. ಅತ್ತೆಯನ್ನು ಬೈಕುಲ್ಲಾದ ಕಣ್ಣಿನ ಡಾಕ್ಟರಿಗೆ ತೋರಿಸಿದ್ದು. ಅನ್ನ, ತಿಳಿಸಾರು. ಅತ್ತೆ ಮೊದಲು ಮಲಗಿದರು.”

“ಏನ್ರೀ, ಸಾರಿನ ಲೆಕ್ಕಾ ತಂದು ಕಂಪ್ಯೂಟರಿಗೆ ಸಾಕ್ಷಿ ಹೇಳಸ್ತೀರಿ?”

“ಸಾರು ಬೇಡ ಅಂದ್ರೆ ಬಿಡಿ. ನನ್ನ ರಜಾ ಅರ್ಜಿ ನಿಮ್ಮ ಡ್ರಾಯರಿನಲ್ಲೇ ಇದೆ, ನಿಮ್ಮದೇ ಸಹಿ ಹಾಕಿರೋದು. ತೆಗೀರಿ.”

ತೆಗೆಯಲಿಲ್ಲ. ಆದರೆ ನಗುವುದನ್ನು ನಿಲ್ಲಿಸಿದರು.

ಪ್ರೋಗ್ರಾಮರು ಬೆಂಗಳೂರಿನವರು, ಪ್ರತಿ ಶುಕ್ರವಾರ ಬರುವವರು. ಅವರೆದುರು ಹೋಗಿ ನಿಂತೆ. “ಯಾರು ಒತ್ತಿದ್ದು ಅನ್ನೋದು ಆಮೇಲೆ. ಏನು ಒತ್ತಿದ್ದು, ಯಾವ ಟರ್ಮಿನಲ್‌ನಿಂದ ಒತ್ತಿದ್ದು, ಅದು ಬರೋ ಹಾಗೆ ಮಾಡಿ.”

“ಅದು ಎರಡು ಸಾಲಿನ ಕೆಲಸ ಮೇಡಂ. ಯಾರೂ ಕೇಳಿರಲಿಲ್ಲ.”

ಎರಡು ಸಾಲು! ಅಷ್ಟಕ್ಕೆ ನನ್ನ ಇಪ್ಪತ್ತು ವರ್ಷದ ಮರ್ಯಾದೆ ಹೋಗಬೇಕಿತ್ತೇ?

ಮಧ್ಯಾಹ್ನ ಊಟವಾದ ಮೇಲೆ ಹೊಸ ಲಾಗ್ ಅಚ್ಚಾಗಿ ಬಂತು. ನಾಲ್ಕೂ ಟರ್ಮಿನಲ್‌ನಲ್ಲಿ ತಪ್ಪು. ಒತ್ತಿದ ನಂಬರುಗಳೆಲ್ಲ ಪೆಟ್ಟಿಗೆಯ ಮೇಲಿದ್ದ ಹಾಗೇ ಇದ್ದವು, ಎಲ್ಲವೂ ಆರಂಕಿಯವು. ಪ್ರೋಗ್ರಾಮರು ಪೆನ್ನು ಕಚ್ಚಿಕೊಂಡು ನೋಡಿದರು. “ಅಯ್ಯೋ ಮೇಡಂ... ನಾನು ಐದಂಕಿಗೆ ಮಾತ್ರ ಜಾಗ ಬಿಟ್ಟಿದ್ದೆ.” ಆ ತಿಂಗಳಿಂದ ಕಾರ್ಖಾನೆಯವರು ಹೊಸ ಬ್ಯಾಚ್‌ಗಳ ನಂಬರಿಗೆ ಒಂದು ಅಂಕಿ ಹೆಚ್ಚಿಸಿದ್ದರು. ಪ್ರೋಗ್ರಾಮರಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ತಪ್ಪು ನನ್ನದೂ ಅಲ್ಲ, ನನ್ನ ಜೊತೆಯವರದೂ ಅಲ್ಲ.

ಸಾಹೇಬರು ಕಾಗದ ನೋಡಿ ಕೈಬೀಸಿದರು. “ಆತ್ ಬಿಡ್ರಿ. ಇಲ್ಲೇ ಕೆಲಸಾ ಮಾಡ್ರಿ. ಮೆಮೊ ಫೈಲಿನ್ಯಾಗ ಇದ್ರ ಏನ್ ಅನ್ನ ಬೇಡ್ತದೇನು?”

“ಬೇಡೋದಿಲ್ಲ. ಆದ್ರೂ ತೆಗೆದು ಕೊಡಿ.”

“ಹಟಾ ಭಾಳ ನಿಮಗ.”

“ಹೌದು.”

ನಿಂತೇ ಇದ್ದೆ. ಟೀ ಬಂತು, ಕುಡಿದರು. ಫೋನು ಬಂತು, ಮಾತಾಡಿದರು. ನಾನು ನಿಂತೇ ಇದ್ದೆ. ಕೊನೆಗೆ ಫೈಲಿನ ದಾರ ಬಿಚ್ಚಿ ಮೆಮೊ ಕಿತ್ತು ಕೊಟ್ಟರು. ತಪ್ಪಾಯಿತು ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಹೊರಗೆ ಬಂದವಳೇ ಗೋಡೆಯ ಪಾಸ್‌ವರ್ಡ್ ಚೀಟಿಯನ್ನೂ ಕಿತ್ತುಕೊಂಡೆ.

ಮನೆಯಲ್ಲಿ ಮಗಳು ನನ್ನ ಮುಖ ನೋಡಿ, “ಅಮ್ಮ, ನೀನು ಗುಸ್ಸಾ ಇದೀಯಾ?” ಎಂದಳು. ಯಜಮಾನರು ಎಲ್ಲ ಕೇಳಿಸಿಕೊಂಡು, “ಮೆಮೊ ವಾಪಸ್ ಬಂತಲ್ಲೇ, ಇನ್ನೇನು ಸಿಟ್ಟು?” ಎಂದರು.

“ವಾಪಸ್ ಬರ್ಲಿಲ್ಲ. ನಿಂತು ಕಿತ್ಕೊಂಡು ಬಂದೆ. ಆ ಇಪ್ಪತ್ತಮೂರಕ್ಕೂ ಒಬ್ಬರಾದ್ರೂ ‘ಏನಾಯ್ತಮ್ಮ’ ಅಂತ ಕೇಳಿದ್ರಾ?”

ಅವರು ತಟ್ಟೆ ಇಟ್ಟರು.

ಅನ್ನ, ನುಗ್ಗೇಕಾಯಿ ಹುಳಿ, ಸುಟ್ಟ ಹಪ್ಪಳ. ಹುಳಿಗೆ ಉಪ್ಪು ಹೆಚ್ಚಾಗಿತ್ತು. ಅದು ನನ್ನದೇ ತಪ್ಪು, ಡೈರಿಯಲ್ಲಿ ಬರೆದುಕೊಂಡೆ. ಪಾತ್ರೆ ಹಾಗೇ ಬಿಟ್ಟು, ದಿನವೂ ಮೊದಲು ಮಲಗುವ ಅತ್ತೆಗಿಂತಲೂ ಮೊದಲು ಆ ರಾತ್ರಿ ಮಲಗಿದವಳು ನಾನು.